ಮೆಡೂಸಳ ಮುಖ

ಗ್ರೀಕರ ಪುರಾಣದಲ್ಲಿ ಮೆಡೂಸ ಎಂಬುವಳೊಬ್ಬಳು ಬರುತ್ತಾಳೆ. ಅವಳ ತಲೆಯ ತುಂಬ ಹಾವುಗಳು. ಅವಳನ್ನು ನೋಡಿದವರೆಲ್ಲ ಕಲ್ಲಾಗುತ್ತಾರೆ. ಕೊನೆಗೆ ಪರ್ಸಿಯಸ್ ಎಂಬ ವೀರ ಅವಳ ತಲೆ ಕಡಿಯುತ್ತಾನೆ. ಹೆಚ್ಚಿನವರು ಕೇಳಿರುವುದು ಇಷ್ಟೇ. ಆದರೆ ರೋಮನ್ ಕವಿ ಓವಿಡ್ ಇದರ ಹಿಂದಿನ ಸಂಗತಿಯನ್ನೂ ಹೇಳಿದ್ದಾನೆ. ಮೆಡೂಸ ಚೆಲುವೆ, ಅದರಲ್ಲೂ ಅವಳ ಕೂದಲು ಬಲು ಚೆಂದ. ಸಮುದ್ರದ ದೇವರು ನೆಪ್ಚೂನ್, ಮಿನರ್ವ ದೇವಿಯ ಗುಡಿಯಲ್ಲೇ ಅವಳ ಮಾನಭಂಗ ಮಾಡಿದ. ಶಿಕ್ಷೆಯಾದದ್ದು ಮಾತ್ರ ಮೆಡೂಸಳಿಗೆ. ದೇವಿಯ ಸಿಟ್ಟಿಗೆ ಆ ಚೆಂದದ ಕೂದಲೇ ಹಾವಾಯಿತು. ಇದನ್ನು ಓದುವಾಗ ನಮ್ಮ ಅಹಲ್ಯೆ ನೆನಪಾಗದೆ ಇರುವುದಿಲ್ಲ.

ಇಟಲಿಯ ಹೆಸರಾಂತ ಶಿಲ್ಪಿ ಕನೋವಾ ಅಮೃತಶಿಲೆಯಲ್ಲಿ ಪರ್ಸಿಯಸ್‌ನನ್ನು ಮಾಡಿದಾಗ ಅವನ ಕೈಗೆ ಮೆಡೂಸಳ ಕಡಿದ ತಲೆಯನ್ನು ಕೊಟ್ಟ. ಆದರೆ 1854ರ ಸುಮಾರಿಗೆ, ರೋಮಿನಲ್ಲಿ ಕಲಿಯುತ್ತಿದ್ದ ಅಮೆರಿಕದ ಹ್ಯಾರಿಯೆಟ್ ಹಾಸ್ಮರ್ ಮಾಡಿದ ಮೆಡೂಸ ರಾಕ್ಷಸಿಯಲ್ಲ. ಒಂದು ಪಕ್ಕಕ್ಕೆ ತಿರುಗಿಸಿದ ಸುಂದರವಾದ ಮುಖ. ಅಲೆಅಲೆಯಾದ ಕೂದಲ ನಡುವೆ ಹಾವುಗಳು. ನೋಡಿದರೆ ಭಯವಾಗುವುದಿಲ್ಲ, ಮರುಕ ಹುಟ್ಟುತ್ತದೆ.

ಹ್ಯಾರಿಯೆಟ್ ಹುಟ್ಟಿದ್ದು 1830ರಲ್ಲಿ. ತಾಯಿಯನ್ನೂ ಒಡಹುಟ್ಟಿದವರನ್ನೂ ಕ್ಷಯ ಕೊಂಡೊಯ್ದಿತು. ವೈದ್ಯನಾಗಿದ್ದ ತಂದೆ ಉಳಿದ ಒಬ್ಬ ಮಗಳನ್ನು ಮನೆಯೊಳಗೆ ಕೂಡಿಹಾಕದೆ, ಕುದುರೆ ಸವಾರಿ, ಈಜು ಕಲಿಸಿ ಬೆಳೆಸಿದ. ಶಿಲ್ಪಿಯಾಗಬೇಕಾದರೆ ಅಂಗರಚನೆ ತಿಳಿದಿರಬೇಕು. ಬಾಸ್ಟನ್ನಿನಲ್ಲಿ ಅದನ್ನು ಹೆಣ್ಣಿಗೆ ಹೇಳಿಕೊಡುವವರಿರಲಿಲ್ಲ. ದೂರದ ಸೇಂಟ್ ಲೂಯಿಸ್‌ಗೆ ಹೋಗಿ ಕಲಿತಳು. 1852ರಲ್ಲಿ ರೋಮಿಗೆ ಬಂದು ಜಾನ್ ಗಿಬ್ಸನ್ನನ ಶಿಷ್ಯೆಯಾದಳು.

ಹೆಸರು ಬಂದಂತೆ ಅಪವಾದವೂ ಬಂತು. ಸೆರೆಸಿಕ್ಕ ರಾಣಿ ಝೆನೋಬಿಯಾಳ ಅವಳ ಶಿಲ್ಪ 1862ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿತ್ತು. ಮರುವರ್ಷ ಅಲ್ಲಿಯ ಪತ್ರಿಕೆಗಳು, ಇದು ಅವಳ ಕೈಕೆಲಸವಲ್ಲ, ಗಂಡಸರು ಮಾಡಿಕೊಟ್ಟದ್ದು ಎಂದು ಬರೆದವು. ಹ್ಯಾರಿಯೆಟ್ ಅಳುತ್ತ ಕೂರಲಿಲ್ಲ. ಮಾನನಷ್ಟದ ದಾವೆಯ ಮಾತೆತ್ತಿ, ಬರೆದವರು ಮಾತು ಹಿಂತೆಗೆದುಕೊಳ್ಳುವಂತೆ ಮಾಡಿದಳು. 1864ರಲ್ಲಿ ಲೇಖನವನ್ನೇ ಬರೆದು ಶಿಲ್ಪದ ಕೆಲಸ ಹೇಗೆ ಸಾಗುತ್ತದೆಂದು ವಿವರಿಸಿದಳು. ಜೇಡಿಮಣ್ಣಿನಲ್ಲಿ ರೂಪ ಮೂಡಿಸುವುದು ಶಿಲ್ಪಿ. ಅದರ ಅಚ್ಚು ತೆಗೆದು, ಅಳತೆ ಹಿಡಿದು, ಅಮೃತಶಿಲೆಯಲ್ಲಿ ಕಡೆಯುವವರು ಕೆಲಸಗಾರರು. ಕನೋವಾನ ಕಾರ್ಯಾಗಾರದಲ್ಲೂ ನಡೆದದ್ದು ಹೀಗೆಯೇ. ಅದರಿಂದ ಅವನ ಹೆಸರಿಗೆ ಕುಂದು ಬರಲಿಲ್ಲ.

ಹ್ಯಾರಿಯೆಟ್ 1908ರಲ್ಲಿ ತೀರಿಕೊಂಡಳು. ಅವಳ ಮೆಡೂಸ ಈಗ ಅಮೆರಿಕದ ಮಿನಿಯಾಪೊಲಿಸ್ ಕಲಾಸಂಗ್ರಹಾಲಯದಲ್ಲಿದ್ದಾಳೆ. ನಾನು ಕಂಡಿರುವುದು ಚಿತ್ರದಲ್ಲಿ ಮಾತ್ರ. ಪುರಾಣ ಅವಳ ಮುಖ ನೋಡಬೇಡಿ ಎನ್ನುತ್ತದೆ. ಈ ಹೆಣ್ಣುಮಗಳು ನೋಡಿ ಎಂದು ತೋರಿಸಿದಳು.