ಹೆಸರು ಉಳಿದ ನಾಯಿಗಳು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಅದರ ನೆತ್ತಿಯಲ್ಲಿ ನಾಯಿಯೊಂದು ಕಾಡುಹಂದಿಯ ಜೊತೆ ಸೆಣಸುತ್ತಿದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಈ ಕಲ್ಲಿನ ಕಾಲ ಶಕ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ಗಂಗರ ಬೂತುಗ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ನಿಂತು, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದಿದ್ದ. ಬೂತುಗನ ಬಂಟ ಮಣಲೆರ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಉಂಬಳಿ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ.

ಮುಂದೆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿ ಹಂದಿಯನ್ನು ಕೊಂದಿತು, ಹಂದಿ ನಾಯಿಯನ್ನು ಕೊಂದಿತು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಗುಡಿಯ ಗೊರವ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂಬ ಕಟ್ಟಳೆಯನ್ನೂ ಬರೆಸಿದರು.

ಅದೇ ಸೌಮ್ಯ ಸಂವತ್ಸರದಲ್ಲಿ, ಉತ್ತರಕ್ಕೆ ಬಹುದೂರದ ಮುದುವೊಳಲಿನ ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದ. ಮುದುವೊಳಲೆಂದರೆ ಇಂದಿನ ಮುಧೋಳ. ಕನ್ನಡ ನಾಡಿನ ಹೆಸರಾಂತ ನಾಯಿ ಕಲ್ಲೇರಿದ ವರ್ಷವೂ, ಮುಂದೆ ನಾಯಿಗೇ ತನ್ನ ಹೆಸರು ಕೊಡಲಿದ್ದ ಊರಿನಲ್ಲಿ ಮಹಾಕವಿ ಹುಟ್ಟಿದ ವರ್ಷವೂ ಒಂದೇ. ಕಾಕತಾಳೀಯವೇ ಇರಬಹುದು, ಆದರೂ ಮನಸ್ಸು ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ.

ಮುಧೋಳದ ನಾಯಿ ಅರಮನೆಯಲ್ಲಿ ಹುಟ್ಟಿದ್ದಲ್ಲ. ಘಟಪ್ರಭೆಯ ಬಯಲಿನಲ್ಲಿ ಮೊಲ ಓಡಿಸುತ್ತಿದ್ದ ಬೇಡರ ಜೊತೆಗಿತ್ತು. ಉದ್ದ ಮೋರೆ, ಆಳವಾದ ಎದೆ, ಒಳಕ್ಕೆಳೆದ ಹೊಟ್ಟೆ, ಸುಮಾರು 27 ಇಂಚು ಎತ್ತರ. ವಾಸನೆ ಹಿಡಿದು ಹುಡುಕುವುದಕ್ಕಿಂತ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ಜಾತಿ. ಘೋರ್ಪಡೆ ಮನೆತನದ ದೊರೆ ಮಾಲೋಜಿರಾವ್ ಈ ನಾಯಿಗಳನ್ನು ಗಮನಿಸಿದರು. ಒಳ್ಳೆಯವನ್ನು ಆರಿಸಿ ತಂದು ಸಾಕಿಸಿ ಮರಿ ಮಾಡಿಸಿದರು. ಜೋಡಿ ಮರಿಗಳನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. ‘ಮುಧೋಳ ಹೌಂಡ್’ ಎಂಬ ಹೆಸರಿಗೆ ಕೀರ್ತಿ ಬಂದದ್ದು ಅಲ್ಲಿಂದಾಚೆಗೆ.

ಹೆಸರು ಮಾತ್ರ ಒಂದೇ ಆಗಿ ಉಳಿಯಲಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ‘ಕ್ಯಾರವಾನ್ ಹೌಂಡ್’ ಎಂದು ದಾಖಲಿಸಿತು. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳದ ಹೆಸರನ್ನೇ ಇಟ್ಟುಕೊಂಡಿತು. ಒಂದೇ ನಾಯಿಗೆ ಎರಡು ಹೆಸರು, ಎರಡು ಪುಸ್ತಕ. ಬೇಡರು, ರೈತರು ಸಾಕಿದ ನಾಯಿಗಳ ವಂಶಾವಳಿ ಮಾತ್ರ ಬಹುಕಾಲ ಯಾವ ಪುಸ್ತಕಕ್ಕೂ ಸೇರದೆ, ಇಂಥವರ ಮನೆಯ ಹೆಣ್ಣು, ಇಂಥ ಊರಿನ ಗಂಡು ಎಂದು ಬಾಯಿಂದ ಬಾಯಿಗೆ ನಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತಿತು. ಬೇಟೆಯ ನಾಯಿ ಹೊಲ ಕಾಯುವ, ಹಟ್ಟಿ ಕಾಯುವ ನಾಯಿಯಾಯಿತು.

ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನೀರು ಹರಿದು ಹರಿದು ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ಬಂದು ನಿಲ್ಲುತ್ತದೆ. ಅಲ್ಲಿ, ಮತ್ತು ಕರಾವಳಿಯುದ್ದಕ್ಕೂ ಮೇಲೆ ಹೋದರೆ ವಿಶಾಖಪಟ್ಟಣದಲ್ಲಿ, ಕಾವಲು ನಾಯಿ ಎಂದರೆ ಈಗ ಜನರ ಕಣ್ಣಮುಂದೆ ಬರುವ ರೂಪ ಬೇರೆ: ದಪ್ಪ ತಲೆ, ಅಗಲ ಎದೆ, ಐವತ್ತು ಕಿಲೋ ಸುಮಾರಿನ ಮೈ. ಮೇ ತಿಂಗಳ ವಿಜಯವಾಡದ ಬಿಸಿಲಿಗೆ ಆ ಮೈ ಎಷ್ಟು ಒಗ್ಗುತ್ತದೆ ಎಂಬುದು ಸಾಕುವವರು ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಇಂಥ ನಾಯಿಗಳ ಕೆನಲ್ ಕಟ್ಟುವವರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ, ‘ಫೌಂಡೇಶನ್ ಡಾಗ್ಸ್’. ಕೆನಲ್ಲಿನ ಮುಂದಿನ ಮರಿಗಳೆಲ್ಲ ಯಾವ ನಾಲ್ಕೈದು ನಾಯಿಗಳಿಂದ ಇಳಿಯಲಿವೆಯೋ ಅವೇ ಮೂಲ ನಾಯಿಗಳು. ಅವುಗಳ ಗುಣ ಹೇಗೆ ಬರುತ್ತದೋ ದೋಷವೂ ಹಾಗೆಯೇ ಬರುತ್ತದೆ. ಸೊಂಟದ ಕೀಲಿನ ದೋಷವಿರುವ ಗಂಡೊಂದನ್ನು ಬುಡದಲ್ಲಿ ನಿಲ್ಲಿಸಿದರೆ ಅದರ ಕುಂಟು ಹತ್ತು ವರ್ಷ ಕಳೆದ ಮೇಲೂ ಮರಿಗಳಲ್ಲಿ ತಲೆಯೆತ್ತಬಹುದು. ಒಡಹುಟ್ಟಿದ ಜೋಡಿಯನ್ನು ಕೂಡಿಸಿದರೆ ಮರಿಗಳ ಒಳಸಂಬಂಧದ ಪ್ರಮಾಣ ಒಮ್ಮೆಗೇ ಶೇ. 25ಕ್ಕೇರುತ್ತದೆ.

ಮೂಲ ನಾಯಿಗಳ ಹೆಸರು ಸ್ಪಷ್ಟವಾಗಿ ಉಳಿದ ಕಥೆ ಬೇಕಾದರೆ ಇಂಥದ್ದೇ ದಪ್ಪ ತಲೆಯ ಇಟಲಿಯ ತಳಿ ಕೇನ್ ಕೋರ್ಸೊ ನೋಡಬೇಕು. ಮುಧೋಳದಂತೆ ಅದೂ ಹಳ್ಳಿಯ ನಾಯಿ. ದಕ್ಷಿಣ ಇಟಲಿಯ ಹೊಲಮನೆಗಳಲ್ಲಿ ಹಂದಿ ಹಿಡಿಯಲು, ದನ ಕಾಯಲು ಬಳಕೆಯಾಗುತ್ತಿತ್ತು. ಮಹಾಯುದ್ಧಗಳ ನಂತರ ಬೇಸಾಯ ಬದಲಾಗಿ, 1970ರ ಹೊತ್ತಿಗೆ ಕೆಲವೇ ಉಳಿದಿದ್ದವು. ಪಾವೊಲೊ ಬ್ರೆಬರ್ 1976ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಜೊವಾನಿ ಬೊನಾಟ್ಟಿ, ಸ್ಟೆಫಾನೊ ಗಂಡೊಲ್ಫಿ ಜೊತೆಯಾದರು. ಉತ್ತರದ ಮಾಂತುವಾದಲ್ಲಿ ಮಲವಾಸಿ ಸೋದರರು ತಮ್ಮ ಕೆನಲ್ ಬಿಟ್ಟುಕೊಟ್ಟರು. ದಕ್ಷಿಣದಿಂದ ದೌನೊ ಎಂಬ ಗಂಡು ಬಂತು, ಟಿಪ್ಸಿ ಎಂಬ ಹೆಣ್ಣು ಬಂತು. ಅವುಗಳ ಮರಿಗಳು ಬಾಸಿರ್, ಬುಲಾನ್, ಬಾಬಕ್. ಬಾಸಿರ್‌ನ ಮೈಯಳತೆಯೇ ಮುಂದೆ ತಳಿಯ ಲಕ್ಷಣಪಟ್ಟಿಗೆ ಮಾದರಿಯಾಯಿತು. 1983ರಲ್ಲಿ ಅಭಿಮಾನಿಗಳ ಸಂಘ, 1994ರಲ್ಲಿ ಇಟಲಿಯ ಮಾನ್ಯತೆ, 1996ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ. ಇಷ್ಟು ಬೇಗ ಅಷ್ಟು ದೂರ ಹೋಗಲು ಕಾರಣ ಬರವಣಿಗೆ: ಯಾವ ನಾಯಿ ಯಾವುದಕ್ಕೆ ಹುಟ್ಟಿತು ಎಂಬುದನ್ನು ಮೊದಲಿನಿಂದಲೇ ಬರೆದಿಟ್ಟರು.

2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ 23 ತಳಿಗಳ ಪಟ್ಟಿ ಮಾಡಿತು. ಅವುಗಳ ಮಾರಾಟ, ಸಂತಾನೋತ್ಪತ್ತಿ ನಿಲ್ಲಿಸಿ, ಮನೆಗಳಲ್ಲಿ ಈಗಾಗಲೇ ಇರುವವಕ್ಕೆ ಸಂತಾನಹರಣ ಮಾಡಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಕೇನ್ ಕೋರ್ಸೊ ಆ ಪಟ್ಟಿಯಲ್ಲಿತ್ತು. ಕಚ್ಚಿಸಿಕೊಂಡ ಮಕ್ಕಳ, ತಾಯಂದಿರ ನೋವು ಸುಳ್ಳಲ್ಲ. ಆದರೆ ಮೂಲ ನಾಯಿಗಳ ಮಟ್ಟಿಗೆ ಆ ಸುತ್ತೋಲೆ ಒಂದೇ ಪೀಳಿಗೆಯಲ್ಲಿ ವಂಶ ಮುಗಿಸುವ ಆದೇಶವಾಗಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು.

ಅದಕ್ಕೂ ಮೊದಲೇ ಮುಧೋಳಕ್ಕೂ ಬರವಣಿಗೆ ಬಂದಿತ್ತು. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ತೆರೆಯಿತು. ಸುತ್ತಲಿನ ಹಳ್ಳಿಗಳ ಸಾಕಣೆದಾರರಿಗೆ ಮರಿ ಮಾರಾಟ ಒಂದು ಜೀವನೋಪಾಯವೇ ಆಗಿದೆ. 2005ರ ಜನವರಿ 9ರಂದು ಮುಧೋಳದ ನಾಯಿ ಅಂಚೆಚೀಟಿಗೇರಿತು. 2016ರಲ್ಲಿ ಅದರ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೊರಟವು.

ಕೃಷ್ಣೆಯ ಆ ತುದಿಯಲ್ಲಿ ಇನ್ನೊಂದು ನಾಯಿ ಕಾದಿದೆ. ಕವಿ ಪಂಪನ ಪೂರ್ವಿಕರ ನಾಡಾದ ವೆಂಗಿಯಲ್ಲಿ, ಕೊಲ್ಲೇರು ಸರೋವರದ ಸುತ್ತ ಬಾತುಕೋಳಿ ಹಿಂಡು ಕಾಯುತ್ತಿದ್ದ ಜೋನಂಗಿ. ಚರ್ಮಕ್ಕೆ ಅಂಟಿದಂಥ ಗಿಡ್ಡ ಕೂದಲು, ಸುಕ್ಕುಗಟ್ಟಿದ ಹಣೆ, ಬೊಗಳುವುದಕ್ಕಿಂತ ರಾಗ ಎಳೆದಂತೆ ಕೇಳುವ ಕೂಗು. ಬಾತುಕೋಳಿಯ ಜಾಗಕ್ಕೆ ಮೀನುಹೊಂಡಗಳು ಬಂದಂತೆ ಅದರ ಕೆಲಸ ಕಡಿಮೆಯಾಯಿತು, ಸಂಖ್ಯೆಯೂ ಕುಸಿಯಿತು. ವಿಜಯವಾಡದಿಂದ ಹೊರಟರೆ ಅದರ ಹಳ್ಳಿಗಳು ಒಂದು ದಿನದ ಓಡಾಟದೊಳಗೇ ಸಿಗುತ್ತವೆ. ಇಂಥ ತಳಿಯೊಂದನ್ನು ಹೊಸದಾಗಿ ಒಪ್ಪಿಕೊಳ್ಳಲು ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಕೇಳುವುದು ಮೂರು ತಲೆಮಾರು ಹಿಂದಕ್ಕೆ ನೋಡಿದರೂ ಬಂಧುತ್ವವಿಲ್ಲದ ಎಂಟು ರಕ್ತರೇಖೆಗಳನ್ನು. ಒಂದು ರೇಖೆಗೆ ಎರಡು ಗಂಡು, ಆರು ಹೆಣ್ಣು. ಒಟ್ಟು ಅರವತ್ತನಾಲ್ಕು ನಾಯಿಗಳು, ಅವಕ್ಕೆ ಅರವತ್ತನಾಲ್ಕು ಹೆಸರು.