ಕೊಂದವರ ನಾಣ್ಯದಲ್ಲಿ ಸಂತನ ಹೆಸರು

ಕಾಲು ತೊಲವೂ ತೂಗದ ಒಂದು ಬೆಳ್ಳಿಯ ಪೆನ್ನಿಯನ್ನು ಅಂಗೈಯ ಮೇಲೆ ಇಟ್ಟುಕೊಂಡಿದ್ದೀರೆಂದು ಭಾವಿಸಿ. ನಡುವೆ ರೋಮನ್ ಲಿಪಿಯ ‘ಎ’ ಅಕ್ಷರ. ಅಂಚಿನ ಸುತ್ತ ಲ್ಯಾಟಿನಿನಲ್ಲಿ ‘ಓ ಸಂತ ಎಡ್ಮಂಡ್ ದೊರೆಯೇ’ ಎಂಬ ಬರಹ. ಆಳುವ ದೊರೆಯ ಹೆಸರನ್ನು ಸಾರುವುದು ನಾಣ್ಯಗಳ ವಾಡಿಕೆ. ಇದಾದರೋ ಕರೆಯುತ್ತದೆ, ನಾವು ಕಷ್ಟದಲ್ಲಿ ದೇವರನ್ನು ಕರೆಯುವಂತೆ.

ಎಡ್ಮಂಡ್ ಇಂಗ್ಲೆಂಡಿನ ಮೂಡಲ ಸೀಮೆಯಾದ ಈಸ್ಟ್ ಆಂಗ್ಲಿಯದ ಅರಸು. ಕ್ರಿ.ಶ. 869ರಲ್ಲಿ ಡೇನರ ಕೈಯಲ್ಲಿ ಹತನಾದನು. ಡೇನರ ನಾಯಕ ಗುಥ್ರಮ್ 878ರಲ್ಲಿ ಕ್ರೈಸ್ತ ದೀಕ್ಷೆ ಪಡೆದು ಮುಂದೆ ಆ ಸೀಮೆಯನ್ನು ಆಳಿದನು, ನಿಜ. ಆದರೂ 895ರ ಸುಮಾರಿಗೆ, ಡೇನರ ಆಳ್ವಿಕೆಯಲ್ಲೇ, ಡೇನರೇ ಕೊಂದ ಅರಸನು ಸಂತನಾಗಿ ನಾಣ್ಯವನ್ನೇರಿದ್ದು ಸೋಜಿಗವಲ್ಲವೇ? ಸತ್ತು ಮೂವತ್ತು ವರ್ಷವೂ ಆಗಿರಲಿಲ್ಲ. ಫ್ಲೂರಿಯ ಸನ್ಯಾಸಿ ಅಬ್ಬೊ ಅವನ ಚರಿತ್ರೆಯನ್ನು ಬರೆದದ್ದು 980ರ ದಶಕದಲ್ಲಿ. ಗ್ರಂಥಕ್ಕಿಂತ ನಾಣ್ಯವೇ ಹಳೆಯ ಸಾಕ್ಷಿ.

ಒಂದೆರಡು ನಾಣ್ಯದ ಮಾತಲ್ಲ ಇದು. 1840ರಲ್ಲಿ ಕ್ಯುಯರ್‌ಡೇಲ್ ಎಂಬಲ್ಲಿ ರಿಬಲ್ ನದಿಯ ದಂಡೆಯನ್ನು ದುರಸ್ತಿ ಮಾಡುತ್ತಿದ್ದ ಕೂಲಿಗಳಿಗೆ ಒಂದು ನಿಧಿ ಸಿಕ್ಕಿತು. ಅದರಲ್ಲಿ ನಾಣ್ಯಗಳು ಸುಮಾರು 7,000, ಎಡ್ಮಂಡನವೇ 1,800ರಷ್ಟು. ಟಂಕಿಸಿದವರಲ್ಲಿ ಅನೇಕರ ಹೆಸರು ಫ್ರಾಂಕರವು. ಕೆಲವರಿಗೆ ಲ್ಯಾಟಿನ್ ಅಷ್ಟಕ್ಕಷ್ಟೇ ಎಂದು ಕಾಣುತ್ತದೆ, ಅಕ್ಷರಗಳು ಅಸ್ತವ್ಯಸ್ತ!

ಇದು ಭಕ್ತಿಯೋ, ಪ್ರಜೆಗಳನ್ನು ಒಲಿಸಿಕೊಳ್ಳುವ ರಾಜನೀತಿಯೋ? ಎರಡೂ ಎಂದು ನನ್ನ ಎಣಿಕೆ. ಜನ ನಂಬದ ಸಂತನ ಹೆಸರು ಹೇಳಿ ಯಾರನ್ನು ತಾನೇ ಒಲಿಸಿಕೊಳ್ಳಲಾದೀತು? ಮುಂದೆ ಯಾರ್ಕಿನಲ್ಲಿ ಸಂತ ಪೀಟರನ ನಾಣ್ಯ ಹೊರಟಿತು. ಅದರ ಕೆಲವು ಅಚ್ಚುಗಳಲ್ಲಿ ಪೀಟರನ ಹೆಸರಿನ ಜೊತೆಗೆ ಕತ್ತಿಯಿದೆ. ಡೇನರ ಹಳೆಯ ದೇವರಾದ ಥೋರನ ಸುತ್ತಿಗೆಯೂ ಇದೆ.