ಕೋಆಕ್ಸಿಯಲ್ ಕೇಬಲ್: ಬೆಸುಗೆಯಿಂದ ಕ್ರಿಂಪಿನವರೆಗೆ

ಕೋಆಕ್ಸಿಯಲ್ ಕೇಬಲ್ಲಿನ ನಡುವೆ ಒಂದು ತಂತಿ, ಅದರ ಸುತ್ತ ಪ್ಲಾಸ್ಟಿಕ್ ನಿರೋಧಕ, ಮೇಲೆ ಹೆಣೆದ ಲೋಹದ ಜಾಲರಿ, ಹೊರಗೆ ಕವಚ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಏಕಕಾಲಕ್ಕೆ ಹಲವು ಸಂಕೇತಗಳನ್ನು ಸಾಗಿಸುವ ಆಧುನಿಕ ರೂಪವನ್ನು ಅಮೆರಿಕದ ಎಸ್ಪೆನ್‌ಶೀಡ್ ಮತ್ತು ಆಫೆಲ್ 1929ರಲ್ಲಿ ಕೊಟ್ಟರು. ಎರಡನೇ ಮಹಾಯುದ್ಧದ ರೇಡಾರ್‌ಗಳಿಗಾಗಿ ಪಾಲಿಎಥಿಲೀನ್ ನಿರೋಧಕ ಬಳಕೆಗೆ ಬಂತು. ಅದು ಬೇಗ ಕರಗುವುದರಿಂದ ಹವ್ಯಾಸಿಗಳ ಬೆಸುಗೆಯ ಕಷ್ಟವೂ ಅಲ್ಲಿಂದಲೇ ಶುರು.

ಕೊಪ್ಪಳ ತಾಲೂಕಿನ ಇರಕಲ್ಲಗಡದ ಸುತ್ತಿನ ಸೀಮೆಗೆ ಆಂಟೆನಾ ಕಾಲಿಟ್ಟದ್ದು ಬೇಗ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ರಾಯಚೂರು ಜಿಲ್ಲೆಯ ತಾಲೂಕುಗಳು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗಕ್ಕೆ ಕರ್ನಾಟಕದಿಂದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು ಆರಿಸಲಾಗಿತ್ತು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಮೂರು ಮೀಟರಿನ ಛತ್ರಿ ಆಂಟೆನಾ 860 ಮೆಗಾಹರ್ಟ್ಸ್ ಸಂಕೇತ ಹಿಡಿಯುತ್ತಿತ್ತು. ಅನಂತರ ಮನೆಗಳ ಮೇಲೆ ಯಾಗಿ ಆಂಟೆನಾಗಳು ಬಂದವು. ಮೊದಮೊದಲು ಅವಕ್ಕೆ 300 ಓಮ್‌ನ ಚಪ್ಪಟೆ ವೈರು. ಮಳೆಯಲ್ಲಿ ನೆನೆದರೆ ಅದರ ಸಂಕೇತ ಕುಂದುತ್ತಿತ್ತು. ಹಾಗಾಗಿ ಆಂಟೆನಾಕ್ಕೂ ಕೇಬಲ್ಲಿಗೂ ಹೊಂದಾಣಿಕೆ ಮಾಡುವ ಬಾಲನ್ ಕೂಡಿಸಿದ 75 ಓಮ್ ಕೇಬಲ್ ನೆಲೆ ನಿಂತಿತು.

ಆ ಕಾಲದ ಕೇಬಲ್ಲಿನ ಜಾಲರಿ ತಾಮ್ರದ್ದು. ರೇಡಿಯೊ ರಿಪೇರಿಯವರು ಅದನ್ನು ಸಲೀಸಾಗಿ ಬೆಸೆಯುತ್ತಿದ್ದರು. ಕ್ರಮ ಇಂದಿಗೂ ಬದಲಾಗಿಲ್ಲ: ಜಾಲರಿಯ ಎಳೆ ತುಂಡಾಗದಂತೆ ಕವಚವನ್ನು ಸುತ್ತ ಹಗುರಾಗಿ ಕೊಯ್ದು ತೆಗೆಯಬೇಕು. ಎಳೆಗಳನ್ನು ಬಿಡಿಸಿ, ಒಂದು ಕಡೆಗೆ ಹೊಸೆದು, ರಾಳ ಹಚ್ಚಿ ಮೊದಲೇ ತೆಳುವಾಗಿ ತವರ ಹಿಡಿಸಬೇಕು. ಕೊನೆಗೆ ನಿರೋಧಕ ಕತ್ತರಿಸಿ ನಡುತಂತಿಗೂ ತವರ ಹಿಡಿಸಬೇಕು. ತೊಡಕು ಇರುವುದು ಶಾಖದಲ್ಲಿ. 63:37 ತವರ-ಸೀಸ ಕರಗಲು 183 ಡಿಗ್ರಿ ಸೆಲ್ಸಿಯಸ್ ಬೇಕು. ಪಾಲಿಎಥಿಲೀನ್ ಸುಮಾರು 110ಕ್ಕೇ ಕರಗುತ್ತದೆ. ಆಗ ನಡುತಂತಿ ಜರುಗಿ ಜಾಲರಿಗೆ ತಾಗುತ್ತದೆ. ಕಡಿಮೆ ವ್ಯಾಟಿನ ಐರನ್ ಸುರಕ್ಷಿತ ಎಂಬ ನಂಬಿಕೆ ತಪ್ಪು: ಅದನ್ನು ಬಹಳ ಹೊತ್ತು ಒತ್ತಿಹಿಡಿಯಬೇಕಾಗುವುದರಿಂದ ಹಾನಿಯೇ ಹೆಚ್ಚು. ದೊಡ್ಡ ಬಿಟ್ಟಿನ, ಹೆಚ್ಚು ವ್ಯಾಟಿನ ಐರನ್ನಿನಿಂದ ಎರಡು-ಮೂರು ಸೆಕೆಂಡಿನಲ್ಲಿ ಮುಗಿಸುವುದೇ ಸರಿ. ಟೆಫ್ಲಾನ್ ನಿರೋಧಕದ ಆರ್‌ಜಿ-316 ಆದರೆ ಈ ಭಯವಿಲ್ಲ. ಬೆಲೆ ಮಾತ್ರ ಜಾಸ್ತಿ.

ತೊಂಬತ್ತರ ದಶಕದ ಕೇಬಲ್ ಟಿ.ವಿ., 2003ರ ನಂತರದ ಡಿಟಿಎಚ್ ಈ ಕೈಚಳಕವನ್ನು ಬದಿಗೆ ಸರಿಸಿದವು. ಅವುಗಳ ಜೊತೆ ಹಬ್ಬಿದ ಆರ್‌ಜಿ-6 ಕೇಬಲ್ಲಿನಲ್ಲಿ ನೊರೆ ನಿರೋಧಕ, ಅಲ್ಯೂಮಿನಿಯಂ ಹಾಳೆ ಮತ್ತು ಜಾಲರಿ. ಅನೇಕ ಕೇಬಲ್ಲುಗಳಲ್ಲಿ ನಡುತಂತಿ ತಾಮ್ರ ಲೇಪಿಸಿದ ಉಕ್ಕು. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಇರುವುದರಿಂದ ಸಾಮಾನ್ಯ ರಾಳಕ್ಕೆ ತವರ ಹಿಡಿಯುವುದಿಲ್ಲ. ಅದಕ್ಕೆ ಒತ್ತಿ ಕೂಡಿಸುವ (ಕ್ರಿಂಪ್) ಎಫ್ ಕನೆಕ್ಟರೇ ಗತಿ. ಡಿಶ್ಶಿನ ಮುಂದೆ ಸಂಕೇತ ಹಿಡಿಯುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ವಿದ್ಯುತ್ತೂ ಇದೇ ವೈರಿನಲ್ಲಿ ಹೋಗುವುದರಿಂದ, ಜಾಲರಿಯ ಒಂದೇ ಎಳೆ ನಡುತಂತಿಗೆ ತಾಗಿದರೂ ಶಾರ್ಟ್ ಆಗಿ ಚಿತ್ರ ನಿಲ್ಲುತ್ತದೆ.

ಇಂದು ಹ್ಯಾಮ್ ರೇಡಿಯೊ, ಎಸ್‌ಡಿಆರ್ (ಸಾಫ್ಟ್‌ವೇರ್ ರೇಡಿಯೊ) ರಿಸೀವರ್ ಕಟ್ಟುವವರಿಗೆ ಬೆಸುಗೆ ಮತ್ತೆ ಬೇಕಾಗಿದೆ. ಟ್ರಾನ್ಸ್‌ಮಿಟರ್‌ಗೆ 50 ಓಮ್‌ನ ಆರ್‌ಜಿ-58 ಅಥವಾ ಆರ್‌ಜಿ-213 ತಕ್ಕದ್ದು. ಅಗ್ಗವೆಂದು ಡಿಶ್ ವೈರು ತಂದು ಬೆಸೆಯಲು ಹೊರಟರೆ ಶ್ರಮ ವ್ಯರ್ಥ. ಕೊಳ್ಳುವಾಗ ಜಾಲರಿಯ ಒಂದೆಳೆಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು: ಒಳಗೆ ಕೆಂಪು ಕಂಡರೆ ತಾಮ್ರ, ಬಿಳಿಯಾಗಿಯೇ ಉಳಿದರೆ ಅಲ್ಯೂಮಿನಿಯಂ.